ರತ್ನಾಳ ಜಡೆ

ಮೊನ್ನೆ ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಗಂಧದ ವಾಸನೆ ಬಂತು. ಊದಿನಕಡ್ಡಿಯದಲ್ಲ, ಸೋಪಿನದೂ ಅಲ್ಲ. ನೀರಿನಲ್ಲಿ ಕಲಸಿ ಹಚ್ಚಿ, ಒಣಗಿ, ಬಿರುಕುಬಿಟ್ಟ ಗಂಧದ್ದು. ತಲೆಯೆತ್ತಿ ನೋಡಿದರೆ ಒಂದಿಡೀ ಕುಟುಂಬವೇ ತಲೆ ಬೋಳಿಸಿಕೊಂಡು ಕುಳಿತಿತ್ತು. ಅಪ್ಪ, ಅವ್ವ, ಅವ್ವನ ತೊಡೆಯ ಮೇಲೊಂದು ಕೂಸು, ಕಿಟಕಿಯ ಬಳಿ ಕಾಲೇಜಿಗೆ ಹೋಗುವ ವಯಸ್ಸಿನ ಒಬ್ಬ ಹುಡುಗಿ. ತಿರುಪತಿಯಿಂದ ಮರಳಿ ಬರುತ್ತಿದ್ದರು. ರೈಲಿನ ನಿದ್ದೆ ಇನ್ನೂ ಅವರ ಮುಖದ ಮೇಲಿತ್ತು. ಹುಡುಗಿ ಆಗಾಗ ಕೈಯನ್ನು ಬೆನ್ನಿಗೆ ಒಯ್ದು, ಇಲ್ಲದ ಜಡೆಯನ್ನು ಮುಂದಕ್ಕೆಳೆದುಕೊಳ್ಳಲು ಹೋಗಿ, ಬರಿಗೈಯನ್ನು ಮಡಿಲಿಗೆ ತರುತ್ತಿದ್ದಳು.

ಅವಳೊಮ್ಮೆ ಹಿಂದಿರುಗಿ ನೋಡಿದಾಗ ನಾನು ಮೊದಲು ಗಮನಿಸಿದ್ದು ಅವಳ ಹುಬ್ಬುಗಳನ್ನು. ಎರಡೂ ಇದ್ದವು, ದಟ್ಟವಾಗಿ, ಕಪ್ಪಾಗಿ. ನನಗೆ ಸಮಾಧಾನವಾಯಿತು. ಬೋಳುತಲೆಯ ಹರೆಯದವರನ್ನು ಎಲ್ಲಿ ಕಂಡರೂ ಕಣ್ಣು ಮೊದಲು ಹುಬ್ಬಿಗೆ ಹೋಗುವುದು ಈಚೆಗೆ ನನಗೆ ಅಂಟಿಕೊಂಡ ಅಭ್ಯಾಸ. ಅದು ಯಾಕೆ ಅಂಟಿಕೊಂಡಿತೆಂದು ಹೇಳಬೇಕಾದರೆ ಕಾವೇರಿಯ ವಿಷಯ ಹೇಳಬೇಕು, ಅವಳ ಗೆಳತಿ ರತ್ನಾಳದ್ದೂ ಹೇಳಬೇಕು. ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಜಡೆಯ ಉದ್ದವನ್ನು ಬದಲಿಸಿಲ್ಲ.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಆದ ಹರೆಯದವರ ಜೊತೆ ಕೆಲಸ ಮಾಡುತ್ತೇನೆ. ಔಷಧ ಕೊಡುವುದು ನನ್ನ ಕೆಲಸವಲ್ಲ. ಔಷಧ ಮುಟ್ಟದೆ ಬಿಟ್ಟದ್ದೆಲ್ಲ ನನ್ನ ಪಾಲಿಗೆ ಬರುತ್ತದೆ: ತಪ್ಪಿಹೋದ ಪರೀಕ್ಷೆ, ನಿಂತುಹೋದ ಕಾಲೇಜು, ಉದುರಿದ ಕೂದಲು, ಮುಂದೆ ಮಕ್ಕಳಾಗುತ್ತವೆಯೇ ಎಂಬ ಪ್ರಶ್ನೆ, ಅದನ್ನು ಅಪ್ಪನೆದುರು ಡಾಕ್ಟರಿಗೆ ಕೇಳಲಾರದ ಸಂಕೋಚ. ಧಾರವಾಡದಲ್ಲಿ ಸಮಾಜಕಾರ್ಯ ಓದಿ ಈ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾನು ಚಿಕ್ಕಂದಿನಿಂದಲೂ ಮಾತು ಕಡಿಮೆ. ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು, ಈಕೆಯ ಹೊಟ್ಟೆಗೆ ಹೋದ ಮಾತು ಬಾವಿಗೆ ಬಿದ್ದ ಕೊಡದ ಹಾಗೆ, ಪಾತಾಳಗರಡಿ ಹಾಕಿದರೂ ಮೇಲೆ ಬರುವುದಿಲ್ಲ ಎಂದು. ಅವಳು ಅದನ್ನು ದೂರೆಂದು ಹೇಳುತ್ತಿದ್ದಳು. ಆಸ್ಪತ್ರೆಯವರು ಅದನ್ನೇ ಅರ್ಹತೆ ಎಂದುಕೊಂಡರು.

ಹದಿನೆಂಟರ ವಯಸ್ಸಿನವರಿಗೆ ಆಸ್ಪತ್ರೆಯಲ್ಲಿ ಜಾಗವೇ ಇಲ್ಲ ಎಂಬುದು ನನಗೆ ಮೊದಲು ಗೊತ್ತಾದದ್ದು ಕಾವೇರಿಯಿಂದ. ಅವಳು ಮೊರಬದ ಹುಡುಗಿ. ನವಲಗುಂದದಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದಾಗ ಕುತ್ತಿಗೆಯ ಬುಡದಲ್ಲಿ ಗಂಟು ಕಾಣಿಸಿಕೊಂಡಿತು. ಹಾಸಿಗೆ ಖಾಲಿಯಿಲ್ಲವೆಂದು ಮೊದಲ ಸಲ ಅವಳನ್ನು ಮಕ್ಕಳ ವಾರ್ಡಿನಲ್ಲಿ ಹಾಕಿದರು. ಗೋಡೆಯ ತುಂಬ ಆನೆ, ಮೊಲ, ಬಲೂನು. ಮಂಚದಿಂದ ಅವಳ ಪಾದಗಳು ಆಚೆ ಚಾಚಿಕೊಂಡಿದ್ದವು. ಎರಡನೆಯ ಸಲ ಹೆಂಗಸರ ವಾರ್ಡಿಗೆ ಕಳಿಸಿದರು. ಅಲ್ಲಿ ಅಕ್ಕಪಕ್ಕದ ಮಂಚದ ಅಜ್ಜಿಯರು ತಮ್ಮ ಬೇನೆ ಮರೆತು ಇವಳಿಗಾಗಿ ಅತ್ತರು. ಇನ್ನೂ ಮದುವೆ ಆಗಿಲ್ಲವಲ್ಲ, ಏನೂ ಕಂಡಿಲ್ಲವಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನ ಕಾವೇರಿ ನನ್ನನ್ನು ಕರೆದು, "ಅಕ್ಕಾರ, ನನ್ನ ಆನಿ ಕಡೇನ ಹಾಕ್ರಿ. ಅವು ಅಳೂದಿಲ್ಲ" ಅಂದಳು.

ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುವುದು ನಿಮಗೆ ಗೊತ್ತಿರಬಹುದು. ನನಗೂ ಅವಳಿಗೂ ಹೆಚ್ಚು ವಯಸ್ಸಿನ ಅಂತರವಿರಲಿಲ್ಲ. ಆದರೂ ಹಾಗೆ ಕರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

ಇಂಥವರಿಗಾಗಿ ಒಂದು ಕೋಣೆ ಬೇಕೆಂದು ನಾವು ಕೇಳುತ್ತ ಬಂದಿದ್ದೆವು. ಕೊನೆಗೆ ಸಲೈನಿನ ಪೆಟ್ಟಿಗೆಗಳನ್ನು ಇಡುತ್ತಿದ್ದ ಕೋಣೆ ಸಿಕ್ಕಿತು. ಸುಣ್ಣ ಹೊಡೆಸಿ, ಕೇರಂ ಬೋರ್ಡು ತರಿಸಿ, ಪುಸ್ತಕ ಜೋಡಿಸಿ, ಕೂದಲು ಉದುರಿದವರು ನೊಂದುಕೊಳ್ಳಬಾರದೆಂದು ಗೋಡೆಯ ಕನ್ನಡಿಯನ್ನು ತೆಗೆಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಮೊದಲ ವಾರ ಬಂದ ಹುಡುಗ ಹುಡುಗಿಯರು ಪುಸ್ತಕ ಮುಟ್ಟಲಿಲ್ಲ. ಮೊಬೈಲ್ ಚಾರ್ಜ್ ಮಾಡಲು ಎರಡೇ ಪ್ಲಗ್ ಇವೆ, ಇನ್ನಷ್ಟು ಹಾಕಿಸಿ ಎಂದರು. ಕನ್ನಡಿ ಎಲ್ಲಿ ಎಂದು ಕೇಳಿದರು. ತೆಗೆದ ಮೊಳೆಗೇ ಮತ್ತೆ ತೂಗುಹಾಕಿದೆ.

ಗೋಡೆಯ ಮೇಲೆ ನಾನು ಅಂಟಿಸಿದ್ದ ಒಂದು ದೊಡ್ಡ ಚಿತ್ರವೂ ಇತ್ತು. ಯಾವುದೋ ತರಬೇತಿಯಲ್ಲಿ ಕೊಟ್ಟದ್ದು. ದೂರದೇಶದ ಒಂದು ಗುಂಪು ಹುಡುಗಿಯರು, ಕ್ಯಾನ್ಸರ್ ಆದ ಒಬ್ಬ ಗೆಳತಿಗಾಗಿ ಎಲ್ಲರೂ ತಲೆ ಬೋಳಿಸಿಕೊಂಡು ಹೆಗಲಮೇಲೆ ಕೈಹಾಕಿ ನಗುತ್ತಿದ್ದರು. ಗೆಳೆಯರ ಆಸರೆ ಔಷಧದಷ್ಟೇ ಮುಖ್ಯ ಎಂದು ನಾನು ಅದನ್ನು ತೋರಿಸುತ್ತ ವಿವರಿಸಿದೆ. ಕಾವೇರಿ ಬಹಳ ಹೊತ್ತು ನೋಡಿ ಕೇಳಿದಳು, "ಇವರೆಲ್ಲಾರೂ ಒಮ್ಮೆಲೇ ತಿರುಪತಿಗೆ ಹೋಗಿದ್ರೇನ್ರಿ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಾವೇರಿ ನಗಲಿಲ್ಲ. ಅವಳ ಮನೆಯಲ್ಲಿ ಆಗಲೇ ತಿರುಪತಿ ನಡೆದುಹೋಗಿತ್ತು.

ಅದು ಹೀಗೆ. ಕೂದಲು ಉದುರತೊಡಗಿದಾಗ ಕಾವೇರಿಯ ತಾಯಿ ನೀಲವ್ವ ದಿಕ್ಕುತಪ್ಪಿದಳು. ಕಾವೇರಿ ಬೇನೆಬಿದ್ದದ್ದನ್ನು ಅವಳು ಊರಿಗೆ ಹೇಳಿರಲಿಲ್ಲ. ಹುಬ್ಬಳ್ಳಿಯ ದೊಡ್ಡಮ್ಮನ ಮನೆಯಲ್ಲಿದ್ದು ಕಂಪ್ಯೂಟರ್ ಕಲಿಯುತ್ತಾಳೆ ಎಂದಿದ್ದಳು. ಹುಡುಗಿಗೆ ಮುಂದೆ ಮದುವೆಯಾಗಬೇಕು. ಅವಳ ಬೆನ್ನಿಗೆ ಇನ್ನೊಬ್ಬ ತಂಗಿ ಇದ್ದಳು. ಆದರೆ ತಲೆಯನ್ನು ಎಷ್ಟು ದಿನ ಮುಚ್ಚುವುದು? ನಮ್ಮ ಊರುಗಳಲ್ಲಿ ಪ್ರಶ್ನೆ ಕೇಳುವುದು ಒರಟುತನವಲ್ಲ. ಬಸ್ಸಿನಿಂದ ಇಳಿಯುವ ಮೊದಲೇ ಯಾಕೆ ಸೊರಗಿದೆ, ಯಾಕೆ ಕಪ್ಪಾದೆ, ಯಾಕೆ ಒಬ್ಬಳೇ ಬಂದೆ ಎಂದು ಕೇಳದಿದ್ದರೆ ಅವರಿಗೆ ನಮ್ಮ ಮೇಲೆ ಮುನಿಸಿದೆ ಎಂದರ್ಥ. ಇಂಥ ಊರಿನಲ್ಲಿ ಯಾರೂ ಕೇಳಬಾರದ ಸಂಗತಿ ಒಂದೇ, ಹರಕೆ. ಏನು ಬೇಡಿಕೊಂಡೆ ಎಂದು ಬಾಯಿಬಿಟ್ಟರೆ ಅದು ಫಲಿಸುವುದಿಲ್ಲ. ನೀಲವ್ವ ಯೋಚಿಸಿ ಯೋಚಿಸಿ ಅಲ್ಲಿಗೆ ಮುಟ್ಟಿದಳು. ಕಾವೇರಿ ಹರಕೆ ಹೊತ್ತು ತಿಮ್ಮಪ್ಪನಿಗೆ ಮುಡಿ ಕೊಟ್ಟು ಬಂದಿದ್ದಾಳೆ ಎಂದಳು.

ಉಳಿದ ಕೂದಲನ್ನು ಬೋಳಿಸಿ ಗಂಧ ಹಚ್ಚಿದ್ದೂ ಆಯಿತು. ತಿರುಪತಿಗೆ ಹೋಗಿಬಂದೆವೆಂದ ಮೇಲೆ ಓಣಿಗೆ ಪ್ರಸಾದ ಹಂಚಬೇಕಲ್ಲ? ನಿಜವಾಗಿ ಹೋಗಿಬಂದ ಹುಬ್ಬಳ್ಳಿಯ ಯಾರದೋ ಮನೆಯಿಂದ ಒಂದು ಲಾಡು ಸಿಕ್ಕಿತು. ಅದನ್ನು ನೀಲವ್ವ ಎಷ್ಟು ಸಣ್ಣಗೆ ಮುರಿದಳೆಂದರೆ ಅದು ಇಡೀ ಓಣಿಗೆ ಸಾಲಿತು. ಪ್ರಸಾದವಲ್ಲವೇ, ಕಡಿಮೆ ಎಂದು ಯಾರೂ ಅನ್ನುವಂತಿಲ್ಲ. ನೀಲವ್ವ ಇದನ್ನು ನನಗೆ ಹೇಳುವಾಗ ಅಳುತ್ತಿದ್ದಳು, ನಡುವೆ ನಗುತ್ತಲೂ ಇದ್ದಳು. ನಾನು ಕೇಳಿಸಿಕೊಂಡೆ. ಮನೆಯವರ ನಿರ್ಧಾರ ಮನೆಯವರದು ಎಂದು ನಮಗೆ ಕಲಿಸಿದ್ದರು. ಹೇಳಿದ್ದರೂ ಯಾರು ಕೇಳುತ್ತಿದ್ದರು?

ಕೋಣೆಯಲ್ಲಿ ಕಾವೇರಿ ಮಾತಾಡುತ್ತಿದ್ದುದೆಲ್ಲ ರತ್ನಾಳ ಬಗ್ಗೆ. ಎದುರು ಮನೆಯ ಹುಡುಗಿ. ಒಂದನೆಯ ಇಯತ್ತೆಯಿಂದ ಒಂದೇ ಬೆಂಚು, ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಒಂದೇ ಸೀಟು. ರತ್ನಾಳ ಜಡೆ ಊರಿಗೇ ಹೆಸರಾದದ್ದು. ಕುಳಿತರೆ ನೆಲ ಮುಟ್ಟುತ್ತಿತ್ತು. ಬಸ್ಸಿನಲ್ಲಿ ಕಾವೇರಿ ಅದನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಹಿಡಿಯುತ್ತಿದ್ದಳಂತೆ, ಯಾರೂ ತುಳಿಯಬಾರದೆಂದು. ರತ್ನಾಗೆ ಹೇಳಬಹುದಲ್ಲ ಎಂದು ಒಮ್ಮೆ ಕೇಳಿದೆ. ಅವಳು ತಲೆಯಲ್ಲಾಡಿಸಿದಳು. ತನ್ನ ಕೂದಲು ಮತ್ತೆ ಜಡೆ ಹಾಕುವಷ್ಟು ಬೆಳೆಯಲಿ, ಆಮೇಲೆ ಎದುರು ಕೂಡಿಸಿಕೊಂಡು ಎಲ್ಲವನ್ನೂ ಹೇಳುತ್ತೇನೆ, ಆಗ ಇದೊಂದು ನಗುವ ಕಥೆಯಾಗಿರುತ್ತದೆ ಎಂದಳು. ಅವಳಿಗೆ ಬೇಕಾಗಿದ್ದುದು ಅದೊಂದೇ. ಗುಣವಾಗಬೇಕೆಂದು ಅವಳು ಹೇಳಿದ್ದನ್ನು ನಾನು ಕೇಳಿದ ನೆನಪಿಲ್ಲ. ರತ್ನಾಗೆ ಹೇಳಬೇಕು ಎನ್ನುತ್ತಿದ್ದಳು.

ಬೇಸಿಗೆ ಬಂತು. ಚಿಕಿತ್ಸೆಯ ನಡುವೆ ಬಿಡುವಿದ್ದಾಗ ಕಾವೇರಿ ಮನೆಗೆ ಹೋಗಿದ್ದಳು. ಒಂದು ಮಧ್ಯಾಹ್ನ ಅವಳನ್ನು ನೋಡಲು ನಾನು ಮೊರಬಕ್ಕೆ ಹೋದೆ. ನೀಲವ್ವ ನನ್ನನ್ನು ಓಣಿಗೆ ಕಂಪ್ಯೂಟರ್ ಕ್ಲಾಸಿನ ಅಕ್ಕಾರು ಎಂದು ಪರಿಚಯಿಸಿದಳು. ಸುಳ್ಳು ಹೇಳುವುದಿಲ್ಲ, ನನ್ನ ಕೆಲಸದ ಹೆಸರಿಗಿಂತ ಅದಕ್ಕೇ ಹೆಚ್ಚು ಮರ್ಯಾದೆ ಸಿಕ್ಕಿತು. ಪಕ್ಕದ ಮನೆಯ ಅಜ್ಜ ಕೋಲೂರಿಕೊಂಡು ಬಂದು, ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರಿನ ಬದಲು ತಮ್ಮನ ಹೆಸರು ಬಂದಿದೆ, ಕಂಪ್ಯೂಟರಿನಲ್ಲಿ ತಿದ್ದಿಕೊಡಬೇಕು ಎಂದು ಕುಳಿತ. ಅದು ತಹಶೀಲ್ದಾರರ ಕಚೇರಿಯ ಕೆಲಸವೆಂದು ಹೇಳಿ ನಾನು ಆ ಹೊತ್ತಿಗೆ ಹೇಗೋ ಪಾರಾದೆ.

ಅಜ್ಜ ಎದ್ದುಹೋದ ಮೇಲೆ ರತ್ನಾ ಬಂದಳು. ಪಡಸಾಲೆಯಲ್ಲಿ ಕುಳಿತು, ನೆಲಕ್ಕೆ ಬಿದ್ದ ಜಡೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಕಾವೇರಿಯ ಕಣ್ಣು ಆ ಜಡೆಯ ಮೇಲೆ ಇತ್ತು. ರತ್ನಾ ಗೆಳತಿಯ ತಲೆಯನ್ನು ಆ ಕಡೆ ಈ ಕಡೆ ಬಗ್ಗಿ ನೋಡಿ, "ಕುಂಬಾರ ಈಗರ ಭಟ್ಟಿಯಿಂದ ತಗದ ಗಡಿಗಿಯಂಗ ಐತಿ ನೋಡಲೇ ನಿನ್ನ ತಲಿ. ಬಾರಿಸಿ ನೋಡ್ಲೇನು, ಬಿರುಕು ಬಿಟ್ಟೈತೇನಂತ?" ಅಂದಳು.

"ನಿನ್ನ ತಲಿ ಬಾರಿಸಿದ್ರ ಬರೇ ಖಾಲಿ ಸಪ್ಪಳ ಬರತೈತಿ" ಎಂದು ಕಾವೇರಿ ತಿರುಗಿ ಕೊಟ್ಟಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಅಂದೇ ಕಂಡೆ.

ಆಮೇಲೆ ರತ್ನಾ ನನ್ನ ಕಡೆ ತಿರುಗಿದಳು. ಮಾತು ನನಗೆ, ಏಟು ಕಾವೇರಿಗೆ. "ಏನ್ ಬೇಡಕೊಂಡಾಳಂತ ನಾ ಕೇಳೂದಿಲ್ರಿ ಅಕ್ಕಾರ, ಕೇಳಬಾರ್ದು. ಆದ್ರ ತಿರುಪತಿಗೆ ಹೋಗೂವಾಗ ಒಂದ ಮಾತ ಕರೀಬೇಕಿತ್ತಿಲ್ಲೋ? ನಾ ಏನ್ ಆಕಿ ಪಾಲಿನ ಲಾಡು ತಿಂತಿದ್ನೇನು?"

ಸೆಖೆ ಬಹಳವಿತ್ತು. ಕಾವೇರಿ ಕೊರಳಿನ ವೇಲ್‌ ಎತ್ತಿ ಮುಖ ಒರೆಸಿಕೊಂಡಳು.

ಈ ಔಷಧಕ್ಕೆ ತಲೆಯ ಕೂದಲಷ್ಟೇ ಹೋಗುವುದಿಲ್ಲ. ರೆಪ್ಪೆ ಹೋಗುತ್ತದೆ, ಹುಬ್ಬು ಹೋಗುತ್ತದೆ. ಕಾವೇರಿಯ ಹುಬ್ಬು ಉದುರಿದಾಗ ನಮ್ಮ ಕೋಣೆಯ ಕನ್ನಡಿಯ ಮುಂದೆ ಕಾಡಿಗೆಯಿಂದ ಬರೆದುಕೊಳ್ಳುವುದನ್ನು ಕಲಿತಿದ್ದಳು. ನಾನೇ ಕಲಿಸಿದ್ದು. ಆ ಮಧ್ಯಾಹ್ನ ವೇಲ್‌ ಕೆಳಗಿಳಿದಾಗ ಎಡಗಡೆಯ ಹುಬ್ಬು ಇರಲಿಲ್ಲ. ಬಲಗಡೆಯದು ಮಾತ್ರ ಉಳಿದಿತ್ತು.

ನಾನು ರತ್ನಾಳ ಮುಖ ನೋಡಿದೆ. ಅದರಲ್ಲಿ ಏನೂ ಕಾಣಲಿಲ್ಲ. ಅವಳು ಆಗಷ್ಟೇ ನೆನಪಾದವಳಂತೆ ಎದ್ದು, ತಮ್ಮ ಎಮ್ಮೆ ಈದಿದೆ, ಗಿಣ್ಣ ಕಾಸಿಟ್ಟಿದ್ದಾರೆ, ತರುತ್ತೇನೆ ಎಂದು ಹೊರಟಳು. ಅವಳು ಹೊಸ್ತಿಲು ದಾಟುತ್ತಲೇ ನಾನು ಕಾವೇರಿಯನ್ನು ಅಡುಗೆಮನೆಗೆ ಎಳೆದೊಯ್ದೆ. ನೀಲವ್ವ ಕಾಡಿಗೆಯ ಡಬ್ಬಿ ಹುಡುಕುವಷ್ಟರಲ್ಲಿ ಎರಡು ಪಾತ್ರೆ ಉರುಳಿದವು. ಅವಸರದಲ್ಲಿ ಹುಬ್ಬು ಬಲಗಡೆಯದಕ್ಕಿಂತ ಮೇಲೆ ಹೋಯಿತು. ಒರೆಸಿ ಮತ್ತೆ ಬರೆದೆ. ರತ್ನಾ ಹೋದದ್ದು ಎದುರು ಮನೆಗೆ, ಆದರೂ ಬರಲು ಬಹಳ ಹೊತ್ತು ಹಿಡಿಯಿತು. ಪುಣ್ಯ ಎಂದುಕೊಂಡೆ. ಬಂದವಳು ಗಿಣ್ಣದ ಬಟ್ಟಲನ್ನು ಕಾವೇರಿಯ ಕೈಗಿತ್ತು, ಕಾಲೇಜಿನ ಯಾವುದೋ ಮಾತು ತೆಗೆದಳು. ಸಂಜೆಯ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ ನನಗೆ ಗೆದ್ದಂತೆ ಅನಿಸಿತ್ತು. ಗುಟ್ಟು ಉಳಿದಿತ್ತು.

ಮುಂದಿನ ಸಲ ಚಿಕಿತ್ಸೆಗೆ ಬಂದ ಕಾವೇರಿ ಕೋಣೆಯೊಳಗೆ ಬರುತ್ತಲೇ ಗೋಡೆಯನ್ನು ತೋರಿಸಿ, "ಅಕ್ಕಾರ, ಆ ಚಿತ್ರಾ ತಗೀರಿ" ಅಂದಳು.

ನಾನು ಯಾಕೆಂದು ಕೇಳಿದೆ. ಅವಳು ಕುರ್ಚಿಯಲ್ಲಿ ಕುಳಿತು ತುಂಡುತುಂಡಾಗಿ ಹೇಳಿದಳು. ರತ್ನಾ ಸೋದರಮಾವನ ಮನೆಯವರ ಜೊತೆ ತಿರುಪತಿಗೆ ಹೋಗಿ ಮುಡಿ ಕೊಟ್ಟುಬಂದಿದ್ದಳು. ಇಡೀ ಜಡೆ. ಮದುವೆಗೆ ಬಂದ ಹುಡುಗಿ, ಕಣ್ಣಿಗೆ ಹೊಡೆಯುವಂಥ ಜಡೆ, ಯಾರನ್ನು ಕೇಳಿ ಕೊಟ್ಟೆ ಎಂದು ಅವರವ್ವ ಎರಡು ದಿನ ಉಣ್ಣಲಿಲ್ಲವಂತೆ. ಯಾಕೆ ಎಂದವರಿಗೆಲ್ಲ ರತ್ನಾ ಹೇಳಿದ್ದು ಒಂದೇ ಮಾತು: ಕಾವೇರಿ ಏನು ಬೇಡಿಕೊಂಡಿದ್ದಾಳೋ ಅದು ಆಗಲಿ ಅಂತ.

"ನನ್ನ ಸುಳ್ಳಿಗೆ ಆಕಿ ಖರೇ ಕೂದ್ಲಾ ಕೊಟ್ಲ್ರಿ" ಅಂದಳು ಕಾವೇರಿ. "ಈಗ ಹೆಂಗ ಮಾರಿ ತೋರಸ್ಲಿ? ಏನಂತ ಹೇಳ್ಲಿ? ಹರಕಿನೂ ಇಲ್ಲ, ತಿರುಪತಿನೂ ಇಲ್ಲ, ನಿನ್ನ ಜಡಿ ಸುಮ್ನ ಹೋತು ಅಂತ ಹೇಳ್ಲೇನು?"

ಹೇಳಿಬಿಡು, ಅವಳು ಬೇಸರ ಮಾಡಿಕೊಳ್ಳುವುದಿಲ್ಲ ಎಂದೆ. ಆದರೆ ಅಷ್ಟಕ್ಕೇ ನಿಲ್ಲಿಸಿದೆ. ಬೇನೆಯ ಸುದ್ದಿ ಬೇನೆಬಿದ್ದವರ ಆಸ್ತಿ. ಅದನ್ನು ಯಾರಿಗೆ, ಯಾವಾಗ ಕೊಡಬೇಕೆಂಬುದು ಅವರಿಗೇ ಬಿಟ್ಟದ್ದು. ಆ ನಿಯಮ ತಪ್ಪೆಂದು ನನಗೆ ಇಂದೂ ಅನಿಸುವುದಿಲ್ಲ. ಕಾವೇರಿ ಅಂದು ತನ್ನ ಮಾತಿಗೆ ಇನ್ನೊಂದು ಗಂಟು ಹಾಕಿಕೊಂಡಳು. ತನ್ನದಷ್ಟೇ ಅಲ್ಲ, ರತ್ನಾಳ ಜಡೆಯೂ ಮೊದಲಿನಂತೆ ಬೆಳೆಯಲಿ, ಅಲ್ಲಿಯವರೆಗೆ ಅವಳೆದುರು ನಿಲ್ಲುವುದಿಲ್ಲ ಎಂದಳು. ನಾನು ಚಿತ್ರವನ್ನು ಸುಲಿದು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆ.

ಆಮೇಲೆ ನಡೆದದ್ದನ್ನು ನೀಲವ್ವ ಹೇಳುತ್ತಿದ್ದಳು. ಕಾವೇರಿ ಊರಿಗೆ ಹೋದಾಗಲೆಲ್ಲ ರತ್ನಾ ಬರುತ್ತಿದ್ದಳು. ಒಳಗಿನಿಂದ ಮಲಗಿದ್ದಾಳೆ, ತಲೆನೋವು, ಓದುತ್ತಿದ್ದಾಳೆ ಎಂಬ ಉತ್ತರ ಹೋಗುತ್ತಿತ್ತು. ಮೊದಲ ದಿನ ರತ್ನಾ ತಂದ ಲಾಡನ್ನು ಕಟ್ಟೆಯ ಮೇಲಿಟ್ಟು ಹೋದಳು. ನಿಜವಾದ ಪ್ರಸಾದ. ನೀಲವ್ವ ಅದನ್ನು ಒಳಗೆ ದೇವರ ಜಗುಲಿಯ ಮೇಲಿಟ್ಟಳು. ಆ ಮನೆಯಲ್ಲಿ ಯಾರಿಗೂ ಅದನ್ನು ಬಾಯಿಗೆ ಹಾಕಿಕೊಳ್ಳುವ ಧೈರ್ಯವಾಗಲಿಲ್ಲ. ಕೊನೆಗೆ ಇರುವೆ ಮುತ್ತಿದವು.

ಔಷಧ ತನ್ನ ಕೆಲಸ ಮಾಡಿತು. ಗಂಟು ಕರಗಿತು. ಕೂದಲು ಬಂತು, ಮೊದಲಿನಂತೆ ನೇರವಾಗಿ ಅಲ್ಲ, ಗುಂಗುರಾಗಿ. ಕಾವೇರಿ ಧಾರವಾಡದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದಳು. ಈಗ ಅಲ್ಲಿಯೇ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ನಮ್ಮಲ್ಲಿ ಬರುವ ಹೊಸಬರಿಗೆ ಧೈರ್ಯ ಹೇಳಲು ಅವಳನ್ನು ಕರೆಸುವುದುಂಟು. ವರ್ಷಕ್ಕೊಮ್ಮೆ ತಪಾಸಣೆಗೆ ಬಂದಾಗ ಮೊದಮೊದಲು ನಾನು ರತ್ನಾಳ ಬಗ್ಗೆ ಕೇಳುತ್ತಿದ್ದೆ. ಕೂದಲು ಇನ್ನೂ ಹೆಗಲಿಗೆ ಬಂದಿಲ್ಲ ಎನ್ನುತ್ತಿದ್ದಳು. ಆಮೇಲೆ ರತ್ನಾಳ ಮದುವೆ ಗೊತ್ತಾಯಿತು. ಅರಿಸಿಣ ಹಚ್ಚಿದ ಲಗ್ನಪತ್ರಿಕೆಯನ್ನು ರತ್ನಾಳೇ ಬಂದು ನೀಲವ್ವನ ಕೈಗೆ ಕೊಟ್ಟಳಂತೆ. ಕಾವೇರಿ ಪರೀಕ್ಷೆ ಎಂದು ಹೇಳಿ ಹಾಸ್ಟೆಲಿನಲ್ಲೇ ಉಳಿದಳು. ಅದು ಪರೀಕ್ಷೆಯ ಕಾಲವಲ್ಲ ಎಂದು ನನಗೆ ಗೊತ್ತಿತ್ತು. ಅಂದಿನಿಂದ ನಾನು ಕೇಳುವುದನ್ನು ಬಿಟ್ಟೆ. ಕಾವೇರಿಯ ಜಡೆ ಈಗ ನನ್ನದಕ್ಕಿಂತ ಉದ್ದವಿದೆ.

ಹೋದ ತಿಂಗಳು ಆಸ್ಪತ್ರೆಯ ಎದುರಿನ ಚಹಾದ ಅಂಗಡಿಯಲ್ಲಿ ನಿಂತಿದ್ದೆ. ಸೊಂಟದ ಮೇಲೆ ಕೂಸನ್ನಿಟ್ಟುಕೊಂಡ ಒಬ್ಬಳು ನನ್ನ ಕೊರಳಿನ ಗುರುತಿನ ಚೀಟಿಯನ್ನು ತುಟಿ ಅಲುಗಿಸುತ್ತ ಪೂರ್ತಿ ಓದಿದಳು. ನಂತರ ನನ್ನ ಮುಖ ನೋಡಿದಳು.

"ಕಂಪ್ಯೂಟರ್ ಕ್ಲಾಸ್ ಚಲೋ ನಡದಾವೇನ್ರಿ ಅಕ್ಕಾರ?"

ರತ್ನಾ. ಅಣ್ಣಿಗೇರಿಯ ಕಡೆ ಕೊಟ್ಟಿದ್ದಾರೆ. ಅತ್ತೆಗೆ ಸಕ್ಕರೆ ಬೇನೆಯಿಂದ ಕಾಲಿಗೆ ಹುಣ್ಣಾಗಿ ತೋರಿಸಲು ಕರೆತಂದಿದ್ದಳು. ಜಡೆ ಮತ್ತೆ ಸೊಂಟದ ಕೆಳಗೆ ಇಳಿದಿತ್ತು, ಆದರೆ ತೆಳ್ಳಗೆ. ಬಾಣಂತನದಲ್ಲಿ ಉದುರಿತು ಎಂದಳು. ನನ್ನ ಚೀಟಿಯ ಮೇಲೆ ಎಲ್ಲವೂ ಬರೆದಿತ್ತಲ್ಲ. ಆದರೂ ರೂಢಿಯಂತೆ ಬಾಯಿ ಮುಚ್ಚಿಕೊಂಡೇ ನಿಂತೆ. ಅವಳೇ ಮಾತಾಡಿದಳು.

"ಅಂಜಬ್ಯಾಡ್ರಿ. ನನಗ ಆಗಿಂದನ ಗೊತ್ತೈತಿ. ತಿಮ್ಮಪ್ಪ ತಲಿ ಕೂದ್ಲಾ ಕೇಳ್ತಾನ. ಹುಬ್ಬು ಕೇಳ್ತಾನೇನ್ರಿ?"

ಚಹಾದ ಲೋಟ ನನ್ನ ಕೈ ಸುಡುತ್ತಿತ್ತು. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

"ಅವತ್ತ ಆಕಿ ಮಾರಿ ಒರಸಿಕೊಂ‌ಡ್ಲಲ್ರಿ, ಅವಾಗ ನೋಡಿದೆ. ಗಿಣ್ಣಾ ತರಾಕ ಎಷ್ಟೊತ್ತು ಬೇಕ್ರಿ, ಎದುರು ಮನಿಯಿಂದ? ನಿಮಗ ಹುಬ್ಬು ತಿದ್ದಾಕ ಹೊತ್ತು ಬೇಕಂತ ನಮ್ಮ ಕಟ್ಟಿ ಮ್ಯಾಲ ಬಟ್ಟಲಾ ಹಿಡಕೊಂಡು ಕುಂತಿದ್ದೆ. ಒಳಗ ಪಾತ್ರಿ ಬಿದ್ದದ್ದೂ ಕೇಳಿಸ್ತು."

ಹಾಗಾದರೆ ಮುಡಿ? ನಾನು ಕೇಳಲಿಲ್ಲ, ಆದರೆ ಕಣ್ಣು ಅವಳ ಜಡೆಗೆ ಹೋಗಿರಬೇಕು.

"ಆಕಿ ಹೇಳಬಾರ್ದು ಅಂತಿದ್ರ ನಾ ಕೇಳಬಾರ್ದಲ್ರಿ. ಕೇಳಲಾರದನ ಜೋಡಿ ಇರಬೇಕಿತ್ತು. ಇಬ್ಬರೂ ಬೋಳತಲೀಲೆ ಊರಾಗ ಅಡ್ಡಾಡಿದ್ರ, ಯಾರ ತಲಿ ಯಾಕ ಬೋಳಾಗೈತಿ ಅಂತ ಯಾರೂ ನೋಡೂದಿಲ್ಲ, ಇಬ್ಬರೂ ಹುಚ್ಚ ಹುಡುಗ್ಯಾರು ಅಂತಾರ ಅಷ್ಟ, ಅನಕೊಂಡಿದ್ದೆ." ಅವಳು ಕೂಸಿನ ಮುಷ್ಟಿಯಿಂದ ಜಡೆಯ ತುದಿಯನ್ನು ಬಿಡಿಸಿಕೊಂಡಳು. "ಆಕಿ ಹೊರಗ ಬರಲೇ ಇಲ್ಲ. ನಾ ಒಬ್ಬಾಕೀನ ಅಡ್ಡಾಡಿದೆ."

ನಾನು ಅವಳಿಗೆ ಕಾವೇರಿಯ ಬಗ್ಗೆ ಏನೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಚೆನ್ನಾಗಿದ್ದಾಳೆಂದು ಊರಿನವರಿಂದ ಗೊತ್ತಾಗುತ್ತದೆ, ಅಷ್ಟು ಸಾಕು ಎಂದಳು. ನಿನ್ನನ್ನು ಕಂಡದ್ದನ್ನು, ಈ ಮಾತನ್ನು ಅವಳಿಗೆ ತಿಳಿಸಲೇ ಎಂದು ಕೇಳಿದೆ. ಬಹುಶಃ ನಾನು ಇಷ್ಟು ವರ್ಷಗಳಲ್ಲಿ ಯಾರಿಗಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

"ಹೇಳೂದಿದ್ರ ಹೇಳ್ರಿ. ಬ್ಯಾಡ ಅನ್ನೂದಿಲ್ಲ. ಆದ್ರ ಆಕಿ ಬರ್ತಾಳಂತ ನಾ ಬಾಗಲಾ ನೋಡೂದು ಬಿಟ್ಟೇನಿ ಅಂತನೂ ಹೇಳ್ರಿ."

ಎದುರಿನ ಆಸ್ಪತ್ರೆಯ ಬಾಗಿಲಿನಿಂದ ಅತ್ತೆಯ ಹೆಸರು ಕೂಗಿದರು. ಅವಳು ಚಹಾ ಕುಡಿಯದೆ ಹೋದಳು.

ಆ ಸಂಜೆ ಕಾವೇರಿಗೆ ಫೋನ್ ಮಾಡಿ, ಕೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಹುಬ್ಬಿನ ಮಾತು ಬಂದಾಗ ಅವಳು ಶಾಲೆಯ ಅಂಗಳದ ಗದ್ದಲದಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

"ಹಂಗಾದ್ರ ನಾ ಯಾರಿಗೆ ಅಂಜಿದ್ನಿ, ಅಕ್ಕಾರ?" ಅಂದಳು.

ಆಮೇಲೆ ಅವಳು ರತ್ನಾಳ ನಂಬರ್ ಎಲ್ಲಿಂದಲೋ ತರಿಸಿಕೊಂಡಳು. ಏನೋ ಬರೆದು ಅಳಿಸುತ್ತಾಳಂತೆ, ಮತ್ತೆ ಬರೆಯುತ್ತಾಳಂತೆ. ಮದುವೆಗೆ ಬರಲಿಲ್ಲ, ಸೀಮಂತಕ್ಕೆ ಬರಲಿಲ್ಲ, ಕೂಸಿನ ಹೆಸರು ಗೊತ್ತಿಲ್ಲ. ಇಷ್ಟನ್ನೆಲ್ಲ ಒಂದು ಸಾಲಿನಲ್ಲಿ ಹೇಗೆ ಹಿಡಿಸುವುದು ಎಂದು ಕೇಳುತ್ತಾಳೆ. ಕಾವೇರಿ ಉಳಿದಳು, ಅದೇ ದೊಡ್ಡದು ಎಂದು ನಮ್ಮ ಡಾಕ್ಟರು ಹೇಳುತ್ತಾರೆ. ಅದು ದೊಡ್ಡದೇ. ಆದರೆ ಆ ಬೇಸಿಗೆಯಲ್ಲಿ ಮೊರಬದ ಓಣಿಗಳಲ್ಲಿ ಬೋಳುತಲೆಯ ಒಬ್ಬ ಹುಡುಗಿ ಒಬ್ಬಳೇ ನಡೆದಾಡಿದ್ದು ನನ್ನ ಕಣ್ಣಿಂದ ಹೋಗುವುದಿಲ್ಲ. ನಾನು ಗೋಡೆಗೆ ಅಂಟಿಸಿ ತೋರಿಸಿದ್ದು ಅವಳನ್ನೇ. ಸುಲಿದು ಸುತ್ತಿಟ್ಟದ್ದೂ ಅವಳನ್ನೇ.

ಬಸ್ಸು ನವಲಗುಂದದ ನಿಲ್ದಾಣಕ್ಕೆ ಬಂತು. ಮುಂದಿನ ಸೀಟಿನ ತಾಯಿ ಇಳಿಯುವ ಮೊದಲು ಚೀಲ ಬಿಚ್ಚಿ, ಪ್ರಸಾದ ತಗೊಳ್ಳಿ ಎಂದು ನನ್ನ ಅಂಗೈಯಲ್ಲಿ ಲಾಡಿನ ಒಂದು ತುಂಡು ಇಟ್ಟಳು. ದೊಡ್ಡ ತುಂಡು. ಕಣ್ಣಿಗೊತ್ತಿಕೊಂಡು ಅಲ್ಲಿಯೇ ತಿಂದೆ.

ನಾನು ಹೋಗಬೇಕಾಗಿದ್ದುದು ಹೊಸದಾಗಿ ಚಿಕಿತ್ಸೆ ಶುರುವಾದ ಒಬ್ಬ ಹುಡುಗಿಯ ಮನೆಗೆ. ಕೂದಲು ಇನ್ನೂ ಉದುರಿರಲಿಲ್ಲ, ಇನ್ನೇನು ಉದುರುವುದರಲ್ಲಿತ್ತು. ಅವಳ ತಾಯಿ ನನ್ನನ್ನು ಒಳಗೆ ಕರೆದೊಯ್ದು, ದನಿ ತಗ್ಗಿಸಿ, ಮಂದಿಗೆ ಏನೆಂದು ಹೇಳುವುದು ಎಂದು ಕೇಳಿದಳು. ಎಲ್ಲ ತಾಯಂದಿರೂ ಕೇಳುತ್ತಾರೆ. ನಿಮಗೆ ಸರಿಕಂಡದ್ದು ಹೇಳಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ಅಂದೂ ಅದನ್ನೇ ಹೇಳಿದೆ. ಆದರೆ ಅಲ್ಲಿಗೆ ನಿಲ್ಲಿಸದೆ ಹುಡುಗಿಯ ಮಂಚದ ತುದಿಗೆ ಹೋಗಿ ಕುಳಿತೆ.

"ಕಾಲೇಜಿಗೆ ಹೋಗೂವಾಗ ಬಸ್ಸಿನ್ಯಾಗ ನಿನ್ನ ಬಾಜೂ ಯಾರು ಕೂಡ್ತಾರವಾ?"

ಅವಳು ತಾಯಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿ ಒಂದು ಹೆಸರು ಹೇಳಿದಳು.

"ಆಕಿ ಎಲ್ಲಿರ್ತಾಳ?"

"ಹೊರಗ ಕಟ್ಟಿ ಮ್ಯಾಲ ಕುಂತಿರಬೇಕು ನೋಡ್ರಿ. ಮುಂಜಾನಿಂದ ಅಲ್ಲೇ ಅದಾಳ. ಒಳಗ ಬಾ ಅಂತ ಯಾರೂ ಅಂದಿಲ್ಲ."

ಬರುವಾಗ ಕಟ್ಟೆಯ ಮೇಲೆ ಯಾರೋ ಕುಳಿತದ್ದು ಕಂಡಿತ್ತು. ನಾನು ಅವಳನ್ನು ದಾಟಿಯೇ ಒಳಗೆ ಬಂದಿದ್ದೆ. ಎದ್ದು ತಾಯಿಯ ಮುಖ ನೋಡಿದೆ. ಆಕೆ ಬೇಡ ಎನ್ನದೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಹುಡುಗಿ ಆಗಲೇ ಮಂಚದಿಂದ ಕಾಲು ಇಳಿಬಿಟ್ಟಿದ್ದಳು.